ಅರೆವಿದ್ಯೆಯೂ ಮಿತವಿದ್ಯೆಯೂ

ವೈದ್ಯವೃತ್ತಿಯನ್ನು ಕೈಗೊಳ್ಳತಕ್ಕವನು ಎಷ್ಟನ್ನು ಕಲಿತಿರಬೇಕು? ಪಟ್ಟಣದಲ್ಲಿ ಕುಳಿತು ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ: ಕಲಿಯಬಹುದಾದುದೆಲ್ಲವನ್ನೂ ಕಲಿತಿರಬೇಕು. ಪ್ರಾಣದ ವಿಷಯದಲ್ಲಿ ಅರೆಕೊರೆ ಸಲ್ಲದು. ಮನೆ ಕೆಟ್ಟರೆ ಇನ್ನೊಂದನ್ನು ಕಟ್ಟಿಸಬಹುದು. ದೇಹ ಕೆಟ್ಟರೆ ಬದಲು ದೇಹ ದೊರೆಯದು. ಆದುದರಿಂದಲೇ ಅರೆಬರೆ ತಿಳಿದು ಮದ್ದು ಕೊಡುವವನನ್ನು ಜನ ಅಳಲೆಕಾಯಿ ಪಂಡಿತನೆಂದು ಹಾಸ್ಯ ಮಾಡಿದರು.

ಅದೇ ಪ್ರಶ್ನೆಯನ್ನು ಮಲೆನಾಡಿನ ಒಂದು ಒಂಟಿಮನೆಯಲ್ಲಿ, ಆಷಾಢದ ರಾತ್ರಿಯಲ್ಲಿ, ಕೇಳಿದರೆ ಉತ್ತರ ಅಷ್ಟು ಬೇಗ ಬಾರದು. ಹತ್ತು ತಿಂಗಳ ಕೂಸಿಗೆ ಮೂರು ದಿನದಿಂದ ಜ್ವರ. ಈಗ ಉಸಿರು ಬಿರುಸಾಗಿದೆ. ಹಳ್ಳ ತುಂಬಿ ಹರಿಯುತ್ತಿದೆ. ತಾಲ್ಲೂಕಿನ ಆಸ್ಪತ್ರೆ ನಲವತ್ತು ಕಿಲೋಮೀಟರು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರ ಸ್ಥಾನ ತೆರವಾಗಿದೆ. ಆದರೆ ಅರ್ಧ ಗಂಟೆಯ ನಡಿಗೆಯಷ್ಟು ದೂರದ ಉಪಕೇಂದ್ರದಲ್ಲಿ ಒಬ್ಬರು ವಾಸವಾಗಿದ್ದಾರೆ. ಆಕೆ ವೈದ್ಯರಲ್ಲ. ಶುಶ್ರೂಷೆಯ ಪದವಿ ಪಡೆದು, ಅದರ ಮೇಲೆ ಆರು ತಿಂಗಳ ಕಾಲ ಸಮುದಾಯದ ಆರೋಗ್ಯವನ್ನು ಕುರಿತು ತರಬೇತಿ ಹೊಂದಿದವರು. ಪೂರ್ಣವಿದ್ಯೆ ದೂರದಲ್ಲಿದೆ, ಅಲ್ಪವಿದ್ಯೆ ಹತ್ತಿರದಲ್ಲಿದೆ. ಕೂಸಿನ ತಾಯಿಗೆ ಇಲ್ಲಿ ಸಂಶಯವೇನೂ ಇಲ್ಲ. ಬ್ಯಾಟರಿ ಕೊಟ್ಟು ಆಳನ್ನು ಆ ಕಡೆಗೇ ಓಡಿಸುವಳು. ಸಂಶಯ ಬರುವುದು ಶಾಸನ ಮಾಡುವವರಿಗೆ, ವೈದ್ಯಸಂಘಗಳಿಗೆ, ನ್ಯಾಯಾನ್ಯಾಯಗಳನ್ನು ತೂಗಿ ನೋಡುವವರಿಗೆ. ಪೂರ್ಣವಾಗಿ ಕಲಿಯದವರ ಕೈಯಲ್ಲಿ ಹಳ್ಳಿಯ ಪ್ರಾಣವನ್ನಿಡುವುದು ಧರ್ಮವೆ? ಪೂರ್ಣವಾಗಿ ಕಲಿತವರು ಬರುವವರೆಗೆ ಹಳ್ಳಿಯನ್ನು ಕಾಯಿಸುವುದು ಧರ್ಮವೆ?

ಇಂತಹ ಮಧ್ಯಮ ತರಗತಿಯ ಚಿಕಿತ್ಸಕರು ಈಗ ಲೋಕದ ಅನೇಕ ದೇಶಗಳಲ್ಲಿ ಹೆಚ್ಚುತ್ತಿದ್ದಾರೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ, 1965ರಲ್ಲಿ, ಡ್ಯೂಕ್ ವಿಶ್ವವಿದ್ಯಾನಿಲಯದ ಯೂಜೀನ್ ಸ್ಟೆಡ್ ಎಂಬ ವೈದ್ಯಾಚಾರ್ಯರು ನೌಕಾದಳದಲ್ಲಿ ರೋಗಿಗಳ ಉಪಚಾರ ಮಾಡಿ ಬಂದಿದ್ದ ನಾಲ್ವರನ್ನು ಕೂಡಿಸಿ ಎರಡು ವರ್ಷಗಳ ಶಿಕ್ಷಣವನ್ನು ಆರಂಭಿಸಿದರು. 1967ರಲ್ಲಿ ಅವರಲ್ಲಿ ಮೂವರು ತೇರ್ಗಡೆ ಹೊಂದಿದರು. ಅವರಿಗೆ ವೈದ್ಯಸಹಾಯಕರೆಂದು ಹೆಸರಾಯಿತು. ಇಂದು ಆ ದೇಶದಲ್ಲಿ ಅವರ ಸಂಖ್ಯೆ ಒಂದೂವರೆ ಲಕ್ಷವನ್ನು ಮೀರಿದೆ. ಭಾರತದಲ್ಲಿ ಅದೇ ಹೆಸರಿನ ಪದವೀಧರರು ಬಹುಮಟ್ಟಿಗೆ ಪಟ್ಟಣದ ಆಸ್ಪತ್ರೆಗಳಲ್ಲಿಯೇ ಇದ್ದಾರೆ; 2021ರ ಶಾಸನವೊಂದು ಅವರನ್ನು ಆರೋಗ್ಯವೃತ್ತಿಗಳ ಪಟ್ಟಿಗೆ ಸೇರಿಸಿತು. ಹಳ್ಳಿಗಳಲ್ಲಿ ಆ ಬಗೆಯ ಕೆಲಸ ಬಿದ್ದಿರುವುದು ಸಮುದಾಯ ಆರೋಗ್ಯ ಅಧಿಕಾರಿಯೆಂಬ ಹೊಸ ಸ್ಥಾನದ ಮೇಲೆ. 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆಯೊಡನೆ ಈ ಸ್ಥಾನ ಉಪಕೇಂದ್ರಗಳಲ್ಲಿ ವ್ಯಾಪಕವಾಯಿತು. ಬಯಲುನಾಡಿನಲ್ಲಿ ಐದು ಸಾವಿರ, ಗುಡ್ಡಗಾಡಿನಲ್ಲಿ ಮೂರು ಸಾವಿರ ಜನಕ್ಕೆ ಒಂದು ಉಪಕೇಂದ್ರವಿರಬೇಕೆಂಬುದು ಸರ್ಕಾರದ ಲೆಕ್ಕ. ಕನ್ನಡ ನಾಡಿನ ಹಳ್ಳಿಗಳಲ್ಲಿಯೂ ರಕ್ತದೊತ್ತಡ ನೋಡುವುದು, ಸಕ್ಕರೆ ಕಾಯಿಲೆಯ ಮಾತ್ರೆ ಕೊಡುವುದು, ಬಸುರಿ ಬಾಣಂತಿಯರನ್ನು ವಿಚಾರಿಸುವುದು ಇಂದು ಇವರ ಕೆಲಸವಾಗಿದೆ.

ಈ ಏರ್ಪಾಡನ್ನು ಒಪ್ಪದವರ ಪಕ್ಷವನ್ನು ಮೊದಲು ಕೇಳಬೇಕು. ಅವರ ಮಾತು ಹಗುರವಾದುದಲ್ಲ, ಹೊಸದೂ ಅಲ್ಲ. ರಷ್ಯಾ ದೇಶದಲ್ಲಿ 1864ರಲ್ಲಿ ಜೆಮ್ಸ್‌ತ್ವೊ ಎಂಬ ಸ್ಥಳೀಯಾಡಳಿತ ಸಭೆಗಳು ಏರ್ಪಟ್ಟಾಗ ಹಳ್ಳಿಗಳ ವೈದ್ಯದ ಹೊಣೆ ಅವುಗಳಿಗೆ ಬಂದಿತು. ವೈದ್ಯರು ಕೆಲವರೇ ಇದ್ದುದರಿಂದ, ಸೈನ್ಯದಲ್ಲಿ ಗಾಯಗಳಿಗೆ ಮದ್ದು ಕಟ್ಟಿ ಕಲಿತ ಫೆಲ್ದ್‌ಶರ್ ಎಂಬ ಸಹಾಯಕರು ಊರೂರಿಗೆ ಹೋದರು. ಸಭೆಯ ವೈದ್ಯರಿಗೆ ಇದು ಸರಿಬೀಳಲಿಲ್ಲ. ಒಡೆಯನಿಗೆ ವೈದ್ಯ, ಒಕ್ಕಲಿಗನಿಗೆ ಫೆಲ್ದ್‌ಶರ್ ಎಂಬುದು ಯಾವ ನ್ಯಾಯವೆಂದು ಅವರು ಕೇಳಿದರು. ಫೆಲ್ದ್‌ಶರನು ಸ್ವತಂತ್ರವಾಗಿ ಚಿಕಿತ್ಸೆ ಮಾಡುವುದಕ್ಕೆ ಒಂದು ನಿಂದೆಯ ಹೆಸರನ್ನೇ ಇಟ್ಟರು. ಸ್ವತಃ ವೈದ್ಯರಾಗಿದ್ದ ಚೆಕಾಫ್ 1884ರಲ್ಲಿ ಬರೆದ ‘ಶಸ್ತ್ರಚಿಕಿತ್ಸೆ’ ಎಂಬ ಸಣ್ಣ ಕಥೆ ಓದುಗರಿಗೆ ಗೊತ್ತಿರಬಹುದು. ವೈದ್ಯರು ತಮ್ಮ ಮದುವೆಗೆಂದು ಹೋಗಿದ್ದಾರೆ. ಆಸ್ಪತ್ರೆಯಲ್ಲಿ ಫೆಲ್ದ್‌ಶರನೇ ಯಜಮಾನ. ಹಲ್ಲುನೋವೆಂದು ಬಂದ ದೇವಾಲಯದ ಪರಿಚಾರಕನ ಹಲ್ಲನ್ನು ಅವನು ಬಹಳ ಗತ್ತಿನಿಂದ ಎಳೆದು, ಕೊನೆಗೆ ಮುರಿಯುತ್ತಾನೆ. ಕಥೆ ನಗಿಸುತ್ತದೆ; ಆದರೆ ಹಲ್ಲು ಕಳೆದುಕೊಂಡವನು ಬಡವ.

ಭಾರತದಲ್ಲಿಯೂ ಇದೇ ವಾದ ನಡೆಯಿತು. ಬ್ರಿಟಿಷರ ಕಾಲದಲ್ಲಿ ವೈದ್ಯಪದವಿ ಪಡೆದವರಲ್ಲದೆ, ಕಡಮೆ ಕಾಲ ಓದಿ ಎಲ್.ಎಂ.ಪಿ. ಎಂಬ ಅನುಮತಿಪತ್ರ ಪಡೆದ ವೈದ್ಯರೂ ಇದ್ದರು. 1946ರಲ್ಲಿ ಹೊರಬಂದ ಭೋರ್ ಸಮಿತಿಯ ವರದಿಯಂತೆ ಆಗಿನ ನೋಂದಣಿಯಾದ ವೈದ್ಯರು 47,524 ಮಂದಿ. ಅವರಲ್ಲಿ ಪದವೀಧರರು 17,654, ಅನುಮತಿಪತ್ರದವರು 29,870. ಮುಂದೆ ದೇಶದಲ್ಲಿ ಒಂದೇ ಬಗೆಯ, ಪೂರ್ಣಶಿಕ್ಷಣದ ವೈದ್ಯರಿರಬೇಕೆಂದು ಸಮಿತಿಯ ಬಹುಮತ ತೀರ್ಮಾನಿಸಿತು. ಆರು ಮಂದಿ ಸದಸ್ಯರು ಇದಕ್ಕೆ ಒಪ್ಪದೆ, ಕೊರತೆ ತೀರುವವರೆಗಾದರೂ ಅನುಮತಿಪತ್ರದವರ ಶಿಕ್ಷಣ ನಡೆಯಲೆಂದು ಬೇರೆಯಾಗಿ ಬರೆದರು. ಬಹುಮತವೇ ಗೆದ್ದಿತು. ಎಲ್.ಎಂ.ಪಿ. ಶಾಲೆಗಳು ಮುಚ್ಚಿದುವು, ಇಲ್ಲವೆ ಕಾಲೇಜುಗಳಾದುವು.

ಆ ಬಹುಮತದ ಹಿಂದೆ ಒಂದು ಉದಾರವಾದ ಭಾವನೆಯಿದ್ದಿತು. ಸ್ವತಂತ್ರವಾಗಲಿರುವ ದೇಶದಲ್ಲಿ ಹಳ್ಳಿಯವನ ಪ್ರಾಣಕ್ಕೆ ಒಂದು ಬೆಲೆ, ಪಟ್ಟಣದವನ ಪ್ರಾಣಕ್ಕೆ ಇನ್ನೊಂದು ಬೆಲೆ ಇರಕೂಡದು ಎಂಬುದೇ ಅದು. ಆದರೆ ಉದಾರವಾದ ತೀರ್ಮಾನದಿಂದ ಫಲಿಸಿದುದೇನು? ಪೂರ್ಣವೈದ್ಯರು ಹೆಚ್ಚಿದರು, ಹೆಚ್ಚಿದವರು ಪಟ್ಟಣದಲ್ಲಿ ನಿಂತರು. ಹಳ್ಳಿ ಬರಿದಾಗಿ ಉಳಿಯಲಿಲ್ಲ, ಏಕೆಂದರೆ ನೋವು ಯಾರಿಗಾಗಿಯೂ ಕಾಯುವುದಿಲ್ಲ. ಯಾವ ಶಾಲೆಯನ್ನೂ ಕಾಣದೆ, ಒಬ್ಬ ಡಾಕ್ಟರ ಬಳಿ ಕೆಲವು ದಿನ ಸೂಜಿಮದ್ದು ತುಂಬಿಕೊಟ್ಟು, ಬಳಿಕ ಚೀಲ ಹೊತ್ತು ಊರೂರು ತಿರುಗುವವನು ಅಲ್ಲಿ ವೈದ್ಯನಾದನು. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ಇಲ್ಲಿ ನಿಜವಾಯಿತು. ಅಲ್ಪ ಕಲಿತವನನ್ನು ಅನ್ಯಾಯವೆಂದು ಹೊರಗೆ ಹಾಕಿದ ಬಾಗಿಲಿನಿಂದ ಏನೂ ಕಲಿಯದವನು ಒಳಗೆ ಬಂದನು. ಆದುದರಿಂದ ಆಯ್ಕೆಯನ್ನು ಪೂರ್ಣವೈದ್ಯನಿಗೂ ಅಲ್ಪವೈದ್ಯನಿಗೂ ನಡುವೆ ಇರಿಸಿ ವಾದಿಸುವವರು, ಹಳ್ಳಿಯವರ ಮುಂದೆ ನಿಜವಾಗಿ ಇರುವ ಆಯ್ಕೆ ಯಾವುದೆಂಬುದನ್ನೂ ನೋಡಬೇಕಾಗುವುದು.

ಇನ್ನು ಅನುಭವ ಏನು ಹೇಳುತ್ತದೆ? ಆಫ್ರಿಕಾ ಖಂಡದ ಮೊಜಾಂಬಿಕ್ 1975ರಲ್ಲಿ ಸ್ವತಂತ್ರವಾದಾಗ ಪೋರ್ಚುಗೀಸ್ ವೈದ್ಯರಲ್ಲಿ ಹೆಚ್ಚಿನವರು ದೇಶ ಬಿಟ್ಟರು. 1984ರಲ್ಲಿ ಆ ದೇಶ, ವೈದ್ಯರಲ್ಲದ ಆರೋಗ್ಯಕಾರ್ಯಕರ್ತರನ್ನು ಆರಿಸಿ ಅವರಿಗೆ ಶಸ್ತ್ರಚಿಕಿತ್ಸೆಯನ್ನು ಕಲಿಸತೊಡಗಿತು. ಹೊಟ್ಟೆ ಕೊಯ್ದು ಕೂಸನ್ನು ತೆಗೆಯುವ ಕೆಲಸವೂ ಅದರಲ್ಲಿ ಸೇರಿತ್ತು. 2007ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, ಜಿಲ್ಲೆಯ ಗ್ರಾಮಾಂತರ ಆಸ್ಪತ್ರೆಗಳಲ್ಲಿ ಹೆರಿಗೆಗೆ ಸಂಬಂಧಿಸಿದ ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟನ್ನು ಇವರೇ ಮಾಡುತ್ತಿದ್ದುದು ಕಂಡುಬಂದಿತು. ಏಳು ವರ್ಷಗಳಾದ ಮೇಲೆಯೂ ಇವರಲ್ಲಿ ಬಹುಮಂದಿ ಅದೇ ಊರುಗಳಲ್ಲಿದ್ದರು. ಜೊತೆಗೆ ಹೋಗಿದ್ದ ವೈದ್ಯರು ಅಲ್ಲಿ ಉಳಿದಿರಲಿಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಂಗಸರಿಗೆ ಹಸುಗೂಸಿನ ಆರೈಕೆಯನ್ನೂ, ನಂಜೇರಿದ ಕೂಸಿಗೆ ಸೂಜಿಮದ್ದು ಕೊಡುವುದನ್ನೂ ಕಲಿಸಿದರು. ಆ ಹಳ್ಳಿಗಳಲ್ಲಿ ಹಸುಗೂಸುಗಳ ಮರಣ, ಹೋಲಿಕೆಗೆ ತೆಗೆದುಕೊಂಡ ಹಳ್ಳಿಗಳಿಗಿಂತ ನೂರಕ್ಕೆ 62ರಷ್ಟು ಇಳಿಯಿತೆಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಹೆಂಗಸರಲ್ಲಿ ಯಾರೂ ಕಾಲೇಜಿನ ವೈದ್ಯರಲ್ಲ. ಅವರು ಕಲಿತುದು ಕೆಲವೇ ಸಂಗತಿಗಳು. ಆದರೆ ಕಲಿತಷ್ಟನ್ನು ಚೆನ್ನಾಗಿ ಕಲಿತಿದ್ದರು, ಮತ್ತು ಅವರ ಹಿಂದೆ ಕೇಳುವವರೂ ತಿದ್ದುವವರೂ ಇದ್ದರು.

ಅನುಭವದ ಇನ್ನೊಂದು ಮುಖವನ್ನೂ ಮರೆಮಾಡಬಾರದು. ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯಲ್ಲಿ, ಶಾಸ್ತ್ರೀಯ ಶಿಕ್ಷಣವಿಲ್ಲದೆ ಮದ್ದು ಕೊಡುತ್ತಿದ್ದ ಹಳ್ಳಿಯ ಚಿಕಿತ್ಸಕರಿಗೆ ಒಂಬತ್ತು ತಿಂಗಳ ಕಾಲ ಪಾಠ ಹೇಳಿ ಪರೀಕ್ಷಿಸಿದರು. ಅದರ ಫಲ 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದಿತು. ರೋಗವನ್ನು ಸರಿಯಾಗಿ ನಡೆಸಿಕೊಳ್ಳುವುದರಲ್ಲಿ ಅವರು ಮೊದಲಿಗಿಂತ ಮೇಲಾದರು. ಆದರೆ ಬೇಡದ ಔಷಧಗಳನ್ನು ಕೊಡುವ ಅಭ್ಯಾಸ ಕಡಮೆಯಾಗಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಮದ್ದು ಮಾರಿ ಬದುಕತಕ್ಕವನಿಗೆ ‘ಮದ್ದು ಬೇಡ’ ಎನ್ನುವ ಮಾತು ಕೈಗೂಡುವುದು ಕಷ್ಟ. ತಿಳಿವಳಿಕೆಯನ್ನು ಪಾಠದಿಂದ ಕೊಡಬಹುದು. ಸಂಯಮ ಬೇರೊಂದು ಏರ್ಪಾಡನ್ನು ಬೇಡುತ್ತದೆ.

ಈ ಅನುಭವಗಳನ್ನು ಜೊತೆಯಾಗಿಟ್ಟು ನೋಡಿದರೆ, ‘ಅಲ್ಪವಿದ್ಯೆ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಅಡಗಿವೆಯೆಂದು ತೋರುವುದು. ಒಂದನ್ನು ಅರೆವಿದ್ಯೆ ಎನ್ನಬಹುದು. ಇನ್ನೊಂದನ್ನು ಮಿತವಿದ್ಯೆ ಎನ್ನಬಹುದು. ಅರೆವಿದ್ಯೆಗೆ ತಾನು ಎಲ್ಲಿ ಮುಗಿಯುವೆನೆಂಬುದು ಗೊತ್ತಿಲ್ಲ. ಅದು ಪೂರ್ಣವಿದ್ಯೆಯ ಹರಿದ ಅರ್ಧ ಹಾಳೆಯಂತೆ. ಓದುವವನು ಉಳಿದುದನ್ನು ಊಹೆಯಿಂದ ತುಂಬಿಕೊಳ್ಳುವನು. ಮಿತವಿದ್ಯೆ ತಾನು ಎಲ್ಲಿ ಮುಗಿಯುವೆನೆಂಬುದನ್ನೂ ಪಾಠದ ಒಂದು ಭಾಗವಾಗಿ ಕಲಿತಿರುವುದು.

ಮೇಲೆ ಹೇಳಿದ ಕೂಸಿನ ಉದಾಹರಣೆಯನ್ನೇ ನೋಡಬಹುದು. ಜ್ವರ ಕೆಮ್ಮುಗಳಿಂದ ಬಂದ ಕೂಸಿಗೆ ಶ್ವಾಸಕೋಶದ ಉರಿಯೂತವಿದೆಯೆ ಎಂಬುದನ್ನು ತಿಳಿಯಲು, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸು ನಿಮಿಷಕ್ಕೆ 50 ಅಥವಾ ಹೆಚ್ಚು ಉಸಿರೆಳೆಯುವುದೆ, ಒಂದು ವರ್ಷದಿಂದ ಐದರವರೆಗಿನ ಮಗು 40 ಅಥವಾ ಹೆಚ್ಚು ಎಳೆಯುವುದೆ ಎಂದು ಎಣಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಎಣಿಕೆ ಮೀರಿದರೆ ಅಮಾಕ್ಸಿಸಿಲಿನ್ ಕೊಡಬೇಕು. ಆದರೆ ಕೂಸು ಹಾಲು ಕುಡಿಯದಿದ್ದರೆ, ಎಚ್ಚರ ತಪ್ಪಿದ್ದರೆ, ಸೆಳವು ಬಂದಿದ್ದರೆ, ಅಲ್ಲಿ ನಿಲ್ಲದೆ ಮೊದಲ ಮದ್ದು ಕೊಟ್ಟು ಕೂಡಲೆ ಆಸ್ಪತ್ರೆಗೆ ಸಾಗಿಸಬೇಕು. ಈ ಪಾಠದಲ್ಲಿ ಅಂಗರಚನಾಶಾಸ್ತ್ರವಿಲ್ಲ, ಸೂಕ್ಷ್ಮಜೀವಿಗಳ ವಿಚಾರವಿಲ್ಲ. ಒಂದು ಗಡಿಯಾರ, ಒಂದು ಎಣಿಕೆ, ಒಂದು ಮದ್ದು, ಕೆಲವು ಅಪಾಯದ ಚಿಹ್ನೆಗಳು. ಇಷ್ಟೇ ಆದರೂ ಇದು ಅರೆಯಲ್ಲ, ತನ್ನ ಮಟ್ಟಕ್ಕೆ ಪೂರ್ಣವಾದುದು. ಏಕೆಂದರೆ ಎಲ್ಲಿ ಕೈಬಿಡಬೇಕೆಂಬುದೂ ಅದರೊಳಗೆ ಇದೆ.

ಇದಕ್ಕೆ ಎದುರಾಗಿ ಇನ್ನೊಬ್ಬ ರೋಗಿ ಬರುವನೆಂದು ಭಾವಿಸಬಹುದು. ಐವತ್ತೈದು ವರ್ಷದ ಬೇಸಾಯಗಾರ. ರಾತ್ರಿ ಉಂಡ ಮೇಲೆ ಎದೆಯುರಿ. ಇದು ಅಜೀರ್ಣವೂ ಆಗಿರಬಹುದು, ಹೃದಯಾಘಾತದ ಆರಂಭವೂ ಆಗಿರಬಹುದು. ಎರಡನ್ನೂ ಬಿಡಿಸಿ ಹೇಳುವುದು ಬಲ್ಲವರಿಗೇ ಕೆಲವು ವೇಳೆ ಕಷ್ಟ. ಇಲ್ಲಿ ಸಹಾಯಕನು ಅಜೀರ್ಣದ ಮಾತ್ರೆ ಕೊಟ್ಟು ಕಳುಹಿಸಿದರೆ ಅದು ಅರೆವಿದ್ಯೆ. ‘ಇದು ನನ್ನಿಂದ ತೀರ್ಮಾನವಾಗತಕ್ಕದ್ದಲ್ಲ’ ಎಂದು ಆ ಗಳಿಗೆಯಲ್ಲಿಯೇ ವೈದ್ಯರನ್ನು ಕೇಳಿದರೆ ಮಿತವಿದ್ಯೆ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿರಬಹುದು, ಒಂದೇ ಅಂಕಗಳನ್ನು ಪಡೆದಿರಬಹುದು. ಒಬ್ಬನಿಗೆ ತಿಳಿಯದೆಂದು ಹೇಳುವ ಧೈರ್ಯ ಬಂದಿದೆ, ಇನ್ನೊಬ್ಬನಿಗೆ ಬಂದಿಲ್ಲ, ವ್ಯತ್ಯಾಸವಿರುವುದು ಇಲ್ಲಿ.

ಆದರೆ ಆ ಧೈರ್ಯವನ್ನು ಕೇವಲ ಸಹಾಯಕನ ಸ್ವಂತ ಗುಣವೆಂದು ಎಣಿಸಿ ಸುಮ್ಮನಾದರೆ ಅನ್ಯಾಯವಾಗುವುದು. ತಿಳಿಯದೆಂದು ಹೇಳಬೇಕಾದರೆ ಹೇಳಿಕೊಳ್ಳಲು ಯಾರಾದರೂ ಇರಬೇಕು. ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿಯೂ ರೋಗಿಯನ್ನು ಮೊದಲು ಮುಟ್ಟುವವರು ಮಹಾವೈದ್ಯರಲ್ಲ. ನಾಡಿ ನೋಡುವವರು, ರಕ್ತದೊತ್ತಡ ಅಳೆಯುವವರು, ಗಾಯ ತೊಳೆಯುವವರು, ರಾತ್ರಿಯೆಲ್ಲ ಮಗ್ಗುಲಲ್ಲಿರುವವರು ಅಲ್ಲಿಯೂ ದಾದಿಯರು, ಸಹಾಯಕರು. ಇದರಿಂದ ಪಟ್ಟಣದವರಿಗೆ ಅವಮಾನವಾದಂತೆ ಯಾರೂ ಎಣಿಸಲಿಲ್ಲ. ಏಕೆ? ಪಕ್ಕದ ಕೋಣೆಯಲ್ಲಿ ವೈದ್ಯರಿದ್ದಾರೆ. ದಾದಿಯ ಮುಖದಲ್ಲಿ ಸಂಶಯ ಕಂಡರೆ ಎರಡು ನಿಮಿಷದಲ್ಲಿ ಅವರು ಬರುವರು. ಹಳ್ಳಿಯ ಉಪಕೇಂದ್ರದಲ್ಲಿ ಕೊರತೆಯಾಗಿರುವುದು ಈ ಪಕ್ಕದ ಕೋಣೆ. ಅಲ್ಲಿರುವ ಸಹಾಯಕಿ ಪಟ್ಟಣದ ದಾದಿಗಿಂತ ಕಡಮೆ ಕಲಿತವರಲ್ಲ. ಆಕೆಯ ಗೋಡೆಯಾಚೆ ಬರಿಯ ಗದ್ದೆ ಇದೆ.

ಹಳ್ಳಿಗೆ ಕಡಮೆ ದರ್ಜೆಯ ಚಿಕಿತ್ಸೆ ದೊರೆಯುತ್ತದೆ ಎಂಬ ಆಕ್ಷೇಪಕ್ಕೆ ಸರಿಯಾದ ಸಮಾಧಾನ ಇಲ್ಲಿ ಸಿಕ್ಕುವುದು. ಸಹಾಯಕನನ್ನು ಕಳುಹಿಸಿ ಅವನ ಹಿಂದೆ ವೈದ್ಯನನ್ನು ನಿಲ್ಲಿಸಿದರೆ, ಹಳ್ಳಿಗೆ ದೊರೆಯುವುದು ಪಟ್ಟಣಕ್ಕೆ ದೊರೆಯುವ ಚಿಕಿತ್ಸೆಯೇ. ಕೋಣೆಗಳ ನಡುವೆ ದೂರ ಹೆಚ್ಚು, ಅಷ್ಟೆ. ವೈದ್ಯನನ್ನು ಕಳುಹಿಸುವ ಹೊಣೆಯಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಸಹಾಯಕನನ್ನು ಕಳುಹಿಸಿದರೆ, ಆಕ್ಷೇಪ ಮಾಡುವವರ ಮಾತು ಅಕ್ಷರಶಃ ನಿಜ. ಎರಡು ಸಂದರ್ಭದಲ್ಲಿಯೂ ಹೊರಗೆ ಕಾಣುವ ದೃಶ್ಯ ಒಂದೇ: ಒಂದು ಸಣ್ಣ ಕಟ್ಟಡ, ಒಂದು ಮೇಜು, ಬಿಳಿಯ ಅಂಗಿ ತೊಟ್ಟ ಒಬ್ಬರು. ಧರ್ಮಾಧರ್ಮಗಳ ನಿರ್ಣಯ ಕಣ್ಣಿಗೆ ಕಾಣದ ಆ ಸಂಬಂಧದಲ್ಲಿದೆ.

ಈಗಿನ ಕಾಲದಲ್ಲಿ ಈ ಸಂಬಂಧವನ್ನು ಕಟ್ಟುವುದು ಹಿಂದಿನಷ್ಟು ಕಷ್ಟವಲ್ಲ. ಈ-ಸಂಜೀವಿನಿ ಎಂಬ ಸರ್ಕಾರದ ಏರ್ಪಾಡಿನಿಂದ ಉಪಕೇಂದ್ರದ ಅಧಿಕಾರಿ ದೂರದ ವೈದ್ಯರನ್ನು ಯಂತ್ರದ ಮೂಲಕ ಕಂಡು ಮಾತನಾಡಬಹುದು. ರೋಗಿಯೂ ಎದುರಿಗೆ ಕುಳಿತಿರಬಹುದು. ಹೃದಯದ ಬಡಿತದ ಚಿತ್ರವನ್ನು ತೆಗೆದು ಮೊಬೈಲಿನಲ್ಲಿ ಕಳುಹಿಸಬಹುದು. ಆದರೆ ತಂತಿಯೂ ತೆರೆಯೂ ಕೋಣೆಯ ಬಾಗಿಲು ಮಾತ್ರ. ಬಾಗಿಲು ತೆರೆದಾಗ ಒಳಗೆ ಒಬ್ಬರು ಇರಬೇಕು. ಇದ್ದವರು ಹಳ್ಳಿಯ ಪ್ರಶ್ನೆಯನ್ನು ತಮ್ಮ ಪ್ರಶ್ನೆಯೆಂದು ಕೇಳಬೇಕು. ಕೂಸನ್ನು ಸಾಗಿಸಬೇಕೆಂದು ಹೇಳಿದ ಮೇಲೆ ಸಾಗಿಸಲು ಗಾಡಿ ಬರಬೇಕು. ಇವಿಲ್ಲದ ಯಂತ್ರ ಗೋಡೆಗೆ ಬರೆದ ಬಾಗಿಲಾಗುವುದು.

ಸಂಬಂಧದ ಜೊತೆಗೆ ಹೆಸರಿನ ವಿಚಾರವೂ ಬರುತ್ತದೆ. ಹೆಸರಿನಲ್ಲೇನಿದೆ ಎಂದು ಕೆಲವರು ಹೇಳಬಹುದು. ಇಂಗ್ಲೆಂಡಿನಲ್ಲಿ ಇದೇ ದೊಡ್ಡ ವಿವಾದವಾಯಿತು. ಅಲ್ಲಿ ವೈದ್ಯಸಹಾಯಕರೆಂಬ ಹೆಸರನ್ನು ಬದಲಾಯಿಸಿ ವೈದ್ಯಸಹವರ್ತಿಗಳೆಂದು ಕರೆಯತೊಡಗಿದರು. ತಮ್ಮನ್ನು ನೋಡಿದವರು ವೈದ್ಯರೆಂದೇ ಅನೇಕ ರೋಗಿಗಳು ತಿಳಿದರು. ಕೆಲವು ಮರಣಗಳ ಬಳಿಕ ಜನರಲ್ಲಿ ಕಳವಳ ಹೆಚ್ಚಿತು. ಸರ್ಕಾರದ ಕೋರಿಕೆಯಂತೆ ವಿಚಾರಣೆ ನಡೆಸಿದ ಜಿಲಿಯನ್ ಲೆಂಗ್ ಎಂಬ ವೈದ್ಯೆ 2025ರ ಜುಲೈ ತಿಂಗಳಲ್ಲಿ ವರದಿ ಕೊಟ್ಟರು. ಹೆಸರು ಮತ್ತೆ ಸಹಾಯಕರೆಂದೇ ಆಗಲಿ. ಅವರ ಉಡುಪು ಬಿಲ್ಲೆಗಳು ವೈದ್ಯರಿಂದ ಬೇರೆಯೆಂದು ತೋರಲಿ. ಇನ್ನೂ ಯಾವ ರೋಗವೆಂದು ಗೊತ್ತಾಗದ ರೋಗಿಯನ್ನು, ಸ್ಪಷ್ಟವಾದ ನಿಯಮಗಳೊಳಗಲ್ಲದೆ, ಅವರು ತಾವಾಗಿ ನೋಡದಿರಲಿ ಎಂಬುದು ಆಕೆಯ ಸಲಹೆಗಳಲ್ಲಿ ಮುಖ್ಯವಾದುವು. ಸಹಾಯಕರೇ ಬೇಡವೆಂದು ಆಕೆ ಹೇಳಲಿಲ್ಲ. ಅಮೆರಿಕಾದಲ್ಲಿ ಇದಕ್ಕೆ ವಿರುದ್ಧವಾಗಿ ಸಹಾಯಕರ ಸಂಘವೇ 2021ರಲ್ಲಿ ಸಹವರ್ತಿ ಎಂಬ ಹೆಸರನ್ನು ಅಂಗೀಕರಿಸಿತು.

ಕನ್ನಡ ನಾಡಿನ ಹಳ್ಳಿಯಲ್ಲಿ ಸೂಜಿಮದ್ದು ಕೊಡುವವರೆಲ್ಲರೂ ‘ಡಾಕ್ಟ್ರು’. ಜನ ಗೌರವದಿಂದಲೇ ಹಾಗೆ ಕರೆಯುವರು. ಆ ಗೌರವವನ್ನು ಸುಮ್ಮನೆ ಸ್ವೀಕರಿಸಿಕೊಂಡರೆ ಒಂದು ಸಣ್ಣ ಸುಳ್ಳು ಹುಟ್ಟುವುದು. ‘ದೊಡ್ಡ ಡಾಕ್ಟರಿಗೆ ತೋರಿಸಬೇಕೆ?’ ಎಂದು ಕೇಳುವ ಹಕ್ಕನ್ನು ರೋಗಿಯಿಂದ ಆ ಸುಳ್ಳು ಕಸಿದುಕೊಳ್ಳುವುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವೈದ್ಯರನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಅವರಲ್ಲಿ ಮೊದಲನೆಯವನು ಛದ್ಮಚರ. ಎಂದರೆ ಮದ್ದಿನ ಭರಣಿ, ಪುಸ್ತಕಗಳ ವೇಷದಿಂದ ವೈದ್ಯನೆನಿಸಿಕೊಂಡು ತಿರುಗುವವನು. ಅದೇ ಗ್ರಂಥದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ಬಳಿಯಲ್ಲಿದ್ದು ಉಪಚರಿಸುವವನು. ಉಪಚಾರದ ತಿಳಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ ಎಂಬ ನಾಲ್ಕು ಗುಣಗಳು ಅವನಲ್ಲಿರಬೇಕು. ವೈದ್ಯನೇ ಮುಖ್ಯನೆಂದು ಒಪ್ಪಿದ ಆ ಗ್ರಂಥಕಾರರು ಬಳಿಯಲ್ಲಿರುವವನನ್ನೂ ಒಂದು ಪಾದವಾಗಿಯೇ ಎಣಿಸಿದರು. ಇಂದಿನ ಸಹಾಯಕನು ಆ ಉಪಸ್ಥಾತೃವಿಗಿಂತ ಹೆಚ್ಚಿನ ಕೆಲಸ ಮಾಡುವನು, ನಿಜ; ಆದರೂ ತನ್ನ ನಿಜವಾದ ಹೆಸರಿನಲ್ಲಿ ನಿಂತಿರುವವರೆಗೆ ಅವನಿಗೆ ಆ ಮರ್ಯಾದೆ ಸಲ್ಲುವುದು. ವೈದ್ಯನ ವೇಷ ತೊಟ್ಟ ಕ್ಷಣದಲ್ಲಿ, ಅದೇ ಮನುಷ್ಯ, ಅದೇ ತಿಳಿವಳಿಕೆಯಿಂದಲೇ, ಛದ್ಮಚರನಾಗುವನು.

ಭಾರತದ ಶಾಸನಗಳು ಈ ವಿಷಯದಲ್ಲಿ ತಡವರಿಸಿಕೊಂಡೇ ನಡೆದಿವೆ. ಛತ್ತೀಸ್‌ಗಢ 2001ರಲ್ಲಿ ಮೂರು ವರ್ಷಗಳ ಗ್ರಾಮೀಣ ವೈದ್ಯಶಿಕ್ಷಣವನ್ನು ಆರಂಭಿಸಿತು. ಅದರ ಹೆಸರೇನೆಂಬುದೇ ಜಗಳವಾಗಿ, ಕೆಲವು ವರ್ಷಗಳಲ್ಲಿಯೇ ಶಿಕ್ಷಣ ನಿಂತಿತು. ಅಲ್ಲಿ ಓದಿದವರು ಗ್ರಾಮೀಣ ವೈದ್ಯಸಹಾಯಕರಾಗಿ ದೂರದ ಕೇಂದ್ರಗಳಿಗೆ ಹೋದರು; ಸಾಮಾನ್ಯ ರೋಗಗಳನ್ನು ನೋಡುವುದರಲ್ಲಿ ಅವರು ಪೂರ್ಣಪದವಿಯ ವೈದ್ಯರಿಗೆ ಸರಿಸಮವಾಗಿದ್ದರೆಂದು ಬಳಿಕ ನಡೆದ ಪರೀಕ್ಷೆಯಿಂದ ತಿಳಿದುಬಂದಿತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಶಾಸನದ 32ನೆಯ ವಿಧಿ, ವೈದ್ಯರಲ್ಲದ ಆರೋಗ್ಯಕಾರ್ಯಕರ್ತರಿಗೆ ಮಿತವಾದ ಅನುಮತಿಯನ್ನು ಕೊಡಬಹುದೆಂದು ಹೇಳಿತು. ಪ್ರಾಥಮಿಕ ಚಿಕಿತ್ಸೆಯಲ್ಲಿಯೂ ರೋಗನಿವಾರಣೆಯಲ್ಲಿಯೂ ಗೊತ್ತುಮಾಡಿದ ಔಷಧಗಳನ್ನು ಅವರು ತಾವಾಗಿ ಕೊಡಬಹುದು; ಉಳಿದ ಕಡೆ ವೈದ್ಯರ ಮೇಲ್ವಿಚಾರಣೆ ಬೇಕು; ಅವರ ಸಂಖ್ಯೆ ವೈದ್ಯರ ಸಂಖ್ಯೆಯ ಮೂರನೆಯ ಒಂದು ಭಾಗವನ್ನು ಮೀರಬಾರದು. ವೈದ್ಯರು ದೇಶದ ಅನೇಕ ಕಡೆ ಪ್ರತಿಭಟಿಸಿದರು. ಅವರ ಭಯದಲ್ಲಿ ಸ್ವಾರ್ಥದ ಅಂಶವಿರಬಹುದು. ಆದರೆ ಅಳಲೆಕಾಯಿ ಪಂಡಿತರಿಗೆ ಈ ಬಾಗಿಲಿನಿಂದ ಮುದ್ರೆ ದೊರೆತೀತೆಂಬ ಶಂಕೆ ಅಸಾಧುವಲ್ಲ. ಆ ಶಂಕೆಯನ್ನು ಕಳೆಯುವ ದಾರಿ, ಮಿತಿಯನ್ನು ಬರೆದಿಟ್ಟು, ಮಿತಿಯನ್ನು ಕಾಯುವವರನ್ನು ನೇಮಿಸುವುದು.

ಹಾಗೆ ಕಾಯಬೇಕಾದವರು ಮುಖ್ಯವಾಗಿ ವೈದ್ಯರೇ. ಸಹಾಯಕರು ಬೇಡವೆನ್ನುವ ವೈದ್ಯನಿಗೆ ಹಳ್ಳಿ ಕೇಳಬಹುದಾದ ಪ್ರಶ್ನೆ ಒಂದುಂಟು: ಹಾಗಾದರೆ ನೀವು ಬರುವಿರಾ? ಬರಲಾಗದಿದ್ದರೆ, ಬಂದವರಿಗೆ ಗುರುಗಳಾಗಬಹುದು. ವಾರಕ್ಕೊಮ್ಮೆ ಉಪಕೇಂದ್ರಕ್ಕೆ ಹೋಗಿ, ಕೊಟ್ಟ ಮದ್ದುಗಳ ಲೆಕ್ಕವನ್ನು ನೋಡಿ, ತಪ್ಪಿದ ಕಡೆ ತಿದ್ದಬಹುದು. ರಾತ್ರಿ ಕರೆದಾಗ ಬೇಸರಪಡದೆ ಉತ್ತರ ಕೊಡಬಹುದು. ಒಂದು ಸಲ ‘ಇಷ್ಟೂ ಗೊತ್ತಿಲ್ಲವೆ?’ ಎಂದು ಗದರ��ಸಿಕೊಂಡ ಸಹಾಯಕಿ ಎರಡನೆಯ ಸಲ ಕೇಳಲಾರಳು; ಆ ಎರಡನೆಯ ಸಲವೇ ಎದೆಯುರಿಯ ಬೇಸಾಯಗಾರನು ಬಂದಿರಬಹುದು.

ಸರ್ಕಾರದ ಹೊಣೆ ಇದಕ್ಕಿಂತ ದೊಡ್ಡದು. ಸಮುದಾಯ ಆರೋಗ್ಯ ಅಧಿಕಾರಿಗಳನ್ನು ಬಹುಮಟ್ಟಿಗೆ ಗುತ್ತಿಗೆಯ ಮೇಲೆ ನೇಮಿಸಿದೆ. ನಾಳೆ ಇರುವೆನೋ ಇಲ್ಲವೋ ಎಂಬ ಮನಸ್ಸಿನಲ್ಲಿ ಕುಳಿತವರಿಂದ ಹಳ್ಳಿಯಲ್ಲಿ ಬೇರೂರುವ ಸೇವೆಯನ್ನು ನಿರೀಕ್ಷಿಸುವುದು ಯುಕ್ತವಲ್ಲ. ಅಮೆರಿಕಾದ ಅನುಭವವೂ ಎಚ್ಚರಿಕೆ ಕೊಡುತ್ತದೆ. ವೈದ್ಯರ ಕೊರತೆಯನ್ನು ತುಂಬಲೆಂದು ಹುಟ್ಟಿದ ವೈದ್ಯಸಹಾಯಕರಲ್ಲಿ ಈಗ ಸುಮಾರು ಕಾಲುಭಾಗ ಮಂದಿ ಮಾತ್ರ ಪ್ರಾಥಮಿಕ ಚಿಕಿತ್ಸೆಯಲ್ಲಿದ್ದಾರೆ. ಮಿಕ್ಕವರು ಶಸ್ತ್ರಚಿಕಿತ್ಸೆ ಮೊದಲಾದ ವಿಶೇಷ ಶಾಖೆಗಳಿಗೆ ಸೇರಿದರು. ವೈದ್ಯನನ್ನು ಪಟ್ಟಣಕ್ಕೆ ಎಳೆದ ಸೆಳೆತವೇ ಸಹಾಯಕನನ್ನೂ ಎಳೆಯುವುದು. ಹಳ್ಳಿಯ ರಸ್ತೆ, ಶಾಲೆ, ವಸತಿ, ಸಂಬಳ ಇವುಗಳನ್ನು ಸರಿಪಡಿಸದೆ ಯಾವ ಹೆಸರಿನವರನ್ನು ಕಳುಹಿಸಿದರೂ ಅವರು ಹಿಂದಿರುಗುವ ದಾರಿಯನ್ನೇ ನೋಡುತ್ತಿರುವರು. ಸಹಾಯಕನ ನೇಮಕವಾದ ದಿನ ವೈದ್ಯನ ಸ್ಥಾನವನ್ನು ತುಂಬುವ ಪ್ರಯತ್ನ ನಿಂತರೆ, ಆ ನೇಮಕ ಹಳ್ಳಿಗೆ ಮಾಡಿದ ಉಪಕಾರವಾಗಲಾರದು.

ಓದುಬರಹ ಬಲ್ಲ ಮನೆತನಗಳಿಗೂ ಇಲ್ಲಿ ಒಂದು ಪಾಲಿದೆ. ಪಟ್ಟಣದಲ್ಲಿ ನೆಲೆಸಿದ ಮಕ್ಕಳು ಊರಿನಲ್ಲಿರುವ ತಂದೆತಾಯಿಗಳಿಗೆ ‘ಆ ನರ್ಸಮ್ಮನ ಮಾತನ್ನು ಕಟ್ಟಿಕೊಂಡೇನು?’ ಎಂದು ದೂರವಾಣಿಯಲ್ಲಿ ಹೇಳುವುದುಂಟು. ಅದೇ ಮಕ್ಕಳು ಹೊಲದ ಆಳಿನ ಮಗುವಿಗೆ ‘ಅಲ್ಲಿಯೇ ತೋರಿಸು, ಸಾಕು’ ಎನ್ನುವುದೂ ಉಂಟು. ಎರಡು ಮಾತುಗಳಲ್ಲಿ ಒಂದಾದರೂ ತಪ್ಪಾಗಿರಬೇಕು. ತನ್ನ ಮಗುವಿಗೆ ಯಾವ ಏರ್ಪಾಡಿನಲ್ಲಿ ನಂಬಿಕೆಯುಂಟೋ ಆ ಏರ್ಪಾಡನ್ನೇ ಆಳಿನ ಮಗುವಿಗೂ ಬೇಡುವುದು ನ್ಯಾಯದ ಸರಳವಾದ ಒರೆಗಲ್ಲು. ಆ ಒರೆಗಲ್ಲಿಗೆ ಉಜ್ಜಿದರೆ, ಹಿಂದೆ ವೈದ್ಯನಿಲ್ಲದ ಸಹಾಯಕ ಯಾರ ಮಗುವಿಗೂ ಸಾಲದು. ಹಿಂದೆ ವೈದ್ಯನಿರುವ ಸಹಾಯಕ ಎಲ್ಲರ ಮಗುವಿಗೂ ಸಲ್ಲುವನು.

ಮಲೆನಾಡಿನ ಆ ರಾತ್ರಿಗೆ ಹಿಂದಿರುಗಿದರೆ, ಉಪಕೇಂದ್ರದಾಕೆ ಕೊಡೆ ಹಿಡಿದು ಬರುವರು. ಕೂಸಿನ ಅಂಗಿ ಎತ್ತಿ, ಒಂದು ನಿಮಿಷ ಗಡಿಯಾರ ನೋಡುತ್ತ ಎಣಿಸುವರು. ಐವತ್ತೆಂಟು. ಕೂಸು ಮೊಲೆ ಕುಡಿಯುತ್ತಿದೆ. ಕಣ್ಣು ಬಿಟ್ಟು ನೋಡುತ್ತಿದೆ. ಮೊದಲ ಮದ್ದನ್ನು ಕುಡಿಸಿ, ಹೇಗೆ ಕೊಡಬೇಕೆಂದು ತಾಯಿಗೆ ಹೇಳಿ, ವೈದ್ಯರಿಗೆ ಕರೆ ಮಾಡುವರು. ಆಕೆಗೆ ತಿಳಿದುದು ಇಷ್ಟು. ಇಷ್ಟಕ್ಕೆ ಆಕೆ ಸಮರ್ಥರು. ಆ ಕರೆಗೆ ಆಚೆಯಿಂದ ಉತ್ತರ ಬರುವುದೋ ಇಲ್ಲವೋ ಎಂಬುದು ಆಕೆಯ ವಿದ್ಯೆಗೆ ಸೇರಿದುದಲ್ಲ. ಅದು ಉಳಿದವರೆಲ್ಲರ ಹೊಣೆ.